ಎತ್ತರ ಹಿಮ್ಮಡಿಯ ಶೂನೋ, ಚಪ್ಪಟೆ ಶೂನೋ?

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಓಡುವ ಗೆಳೆಯರೊಬ್ಬರು ಓಟದ ಶೂ ಬಗ್ಗೆ ಈ ಪ್ರಶ್ನೆ ಕೇಳಿದ್ದಾರೆ. ಉತ್ತರ ನಿಮಗೆ ನೋವು ಎಲ್ಲಿದೆ ಅನ್ನುವುದರ ಮೇಲಿದೆ.

ಹಿಮ್ಮಡಿಯ ಮೇಲೆ ಎರಡು ಬೆರಳಲ್ಲಿ ಹಿಡಿದರೆ ದಪ್ಪ ಹಗ್ಗದಂಥದ್ದು ಸಿಗುತ್ತದೆ ಅಲ್ವಾ, ಅದೇ ಅಕಿಲಿಸ್ ಸ್ನಾಯುರಜ್ಜು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಅದು ಬಿಗಿದು ನೋಯುತ್ತಿದ್ದರೆ, ಹಿಮ್ಮಡಿ ಮುಂಗಾಲಿಗಿಂತ 10–12 ಮಿಲಿಮೀಟರ್ ಎತ್ತರವಿರುವ ಶೂ ತಗೊಳ್ಳಿ. ಎಳೆತ ಕಡಿಮೆಯಾಗುತ್ತದೆ. ನೋವು ಮಂಡಿಚಿಪ್ಪಿನ ಸುತ್ತ ಇದ್ದರೆ ಲೆಕ್ಕ ಬೇರೆ. ಹಿಮ್ಮಡಿ, ಮುಂಗಾಲು ಒಂದೇ ಮಟ್ಟದಲ್ಲಿರುವ ಚಪ್ಪಟೆ ಶೂನಲ್ಲಿ ಹಲವರು ಮುಂಗಾಲಿನ ಮೇಲೆ ಇಳಿಯುತ್ತಾರೆ. ಆಗ ಮಂಡಿಯ ಭಾರ ತಗ್ಗಿ ಮೀನಖಂಡ, ಅಕಿಲಿಸ್ ಮೇಲೆ ಬೀಳುತ್ತದೆ. ಭಾರ ಮಾಯವಾಗಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

ದಾರಿಯೂ ಮುಖ್ಯ. ನೃಪತುಂಗ ಬೆಟ್ಟ ಹತ್ತುವಾಗ ಅಕಿಲಿಸ್‌ಗೆ ಕೆಲಸ ಜಾಸ್ತಿ, ಇಳಿಯುವಾಗ ಮಂಡಿಗೆ. ಏರು ದಾರಿಗೆ ಹೊಸ ಚಪ್ಪಟೆ ಶೂ ಹಾಕಿಕೊಂಡು ಹೋಗಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ದುಡ್ಡಿನಲ್ಲಿ ದೊಡ್ಡ ಫರಕಿಲ್ಲ. ಬಾಳಿಕೆ ಅಡಿಭಾಗದ ಗುಣಮಟ್ಟಕ್ಕೆ ಬಿಟ್ಟಿದ್ದು.

ರೂಢಿಯಾಗುವುದರಲ್ಲಿ ಮಾತ್ರ ಅಂತರ ದೊಡ್ಡದು. ಎತ್ತರ ಹಿಮ್ಮಡಿಯ ಶೂ ಹೆಚ್ಚಿನವರಿಗೆ ಮೊದಲ ದಿನವೇ ಒಗ್ಗುತ್ತದೆ. ಚಪ್ಪಟೆಗೆ ತಿಂಗಳುಗಟ್ಟಲೆ ಬೇಕು. ಸ್ನಾಯು ಬೇಗ ಬಲಿಯುತ್ತದೆ, ಸ್ನಾಯುರಜ್ಜು ನಿಧಾನ. ಶುರುವಿಗೆ ವಾರಕ್ಕೊಮ್ಮೆ, ಒಂದೆರಡು ಕಿಲೋಮೀಟರ್ ಸಾಕು.

ಎಲ್ಲೂ ನೋವಿಲ್ಲವಾ? ಸುಮ್ನೆ ಈಗಿನ ಮಾದರಿಯನ್ನೇ ಮತ್ತೆ ಕೊಳ್ಳಿ. ಓಡುವಾಗ ಹಿಮ್ಮಡಿ ಹಿಂದೆ ಟಪ್ಪೆಂದು ಸದ್ದಾಗಿ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಶೂ ಚಿಂತೆ ಬಿಟ್ಟು ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ.