‘ಡೈವೋರ್ಸ್ ಸರ್ಟಿಫಿಕೇಟ್’ ಮಾಡಿಸಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ

ಮುಂಬೈ, ಥಾಣೆ, ಡೊಂಬಿವಲಿ ಕಡೆ ಇರುವ ನಮ್ಮವರು, ಅದರಲ್ಲೂ ಹೆಂಗಸರು, ದಯವಿಟ್ಟು ಇದನ್ನು ಓದಿ. ಈ ವರ್ಷ ನಾನು 12,000 ರೂಪಾಯಿ ಕೊಟ್ಟು ಒಂದು ಖೊಟ್ಟಿ ಕಾಗದ ತಂದುಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆಯೇ ಅದನ್ನು ಮಾಡಿಕೊಟ್ಟವನಿಗೆ ಬಂಡವಾಳ ಆಗಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ಬಾಂದ್ರಾದ ಫ್ಯಾಮಿಲಿ ಕೋರ್ಟಿನಲ್ಲಿ ನನ್ನ ವಿಚ್ಛೇದನ ಆಯಿತು. ಇಬ್ಬರೂ ಒಪ್ಪಿಯೇ ಹಾಕಿದ ಅರ್ಜಿ. ಕೋರ್ಟಿನಿಂದ ಡಿಕ್ರಿಯ, ಅಂದರೆ ಮದುವೆ ಮುಗಿಯಿತು ಅನ್ನುವ ಆದೇಶದ, ಪ್ರತಿಯೂ ಸಿಕ್ಕಿತ್ತು. ಅಮ್ಮ ಅದನ್ನು ಊರಿಗೆ ಒಯ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೇ ಸೀರೆಗಳ ಕೆಳಗೆ ಇಟ್ಟಿದ್ದಳು. ಬಂದವರು ಹೋದವರ ಕಣ್ಣಿಗೆ ಬೀಳಬಾರದು ಅಂತ. ಮನುಷ್ಯರ ಕಣ್ಣಿಗೆ ಬೀಳಲಿಲ್ಲ, ಗೆದ್ದಲಿಗೆ ಸಿಕ್ಕಿತು.

ಈಗ ನಾನು ಮತ್ತೆ ಮದುವೆ ಆಗುವವಳಿದ್ದೇನೆ. ರಿಜಿಸ್ಟರ್ ಮದುವೆ. ಮೊದಲ ಮದುವೆ ಮುಗಿದಿದೆ ಅನ್ನುವುದಕ್ಕೆ ಡಿಕ್ರಿ ಬೇಕೇ ಬೇಕು ಎಂದರು. ನಮ್ಮ ಕಡೆಯವರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ‘ಕೋರ್ಟಿನ ಹಳೇ ಕಾಗದ ತೆಗೆಸಿಕೊಡುವವರು ಯಾರಾದರೂ ಇದ್ದಾರಾ’ ಅಂತ ಕೇಳಿದೆ. ಯಾರ ಕಾಗದ, ಎಂಥ ಕಾಗದ ಅಂತ ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಒಂದು ಫೋನ್.

‘ಹೆದ್ರ್‌ಬೇಡಿ ಅಕ್ಕ, ನಾ ಮಾಡಿ ಕೊಡ್ತೆ.’

ಅಪ್ಪಟ ಕುಂದಾಪುರದ ಮಾತು. ಡೊಂಬಿವಲಿಯ ಫ್ಲಾಟಿನಲ್ಲಿ ಕೂತು ಆ ‘ಕೊಡ್ತೆ’ ಕೇಳಿದ ಕೂಡಲೇ ನನಗೆ ಅರ್ಧ ನಂಬಿಕೆ ಬಂದುಬಿಟ್ಟಿತು. ಉಳಿದ ಅರ್ಧ ಅವನ ಮುಂದಿನ ಮಾತಿಗೆ ಬಂತು: ‘ನೀವು ಕೋರ್ಟಿಗೆ ಬರುವುದೇ ಬೇಡ. ಅಲ್ಲಿ ನಮ್ಮೂರಿನ ವಕೀಲರು, ಹೋಟೆಲಿನವರು ಎಲ್ಲ ಓಡಾಡುತ್ತಿರುತ್ತಾರೆ. ಸುಮ್ನೆ ಯಾಕೆ ಬಾಯಿಗೆ ಬೀಳುವುದು?’ ನನಗೆ ಬೇಕಿದ್ದದ್ದೂ ಅದೇ, ಅಲ್ವಾ? ಮೊದಲು 3,000, ಕಾಗದ ಕೈಗೆ ಬಂದ ಮೇಲೆ 9,000. ಆಧಾರ್, ಪ್ಯಾನ್, ಹಳೇ ಮದುವೆಯ ಫೋಟೋ ಎಲ್ಲ ಕಳಿಸಿದೆ. ಮದುವೆ ಫೋಟೋ ಯಾಕೆ ಅಂತ ಕೇಳಲೂ ಹೊಳೆಯಲಿಲ್ಲ. ತೀರ್ಪು ಯಾವಾಗ ಆಯಿತು ಎಂದು ಕೇಳಿದ. ದಿನಾಂಕ ನೆನಪಿರಲಿಲ್ಲ. ಆ ವರ್ಷದ ಚೌತಿಗೆ ಸ್ವಲ್ಪ ಮುಂಚೆ, ಆಗಸ್ಟ್ ಇರಬೇಕು ಅಂದೆ.

ನಾಲ್ಕನೇ ದಿನ ಕೊರಿಯರ್ ಬಂತು. ದಪ್ಪ ಕಾಗದ, ಸುತ್ತ ಚಿನ್ನದ ಬಣ್ಣದ ಅಂಚು, ಮೇಲೆ ದೊಡ್ಡದಾಗಿ ‘ಡೈವೋರ್ಸ್ ಸರ್ಟಿಫಿಕೇಟ್’, ಕೆಳಗೆ ಎರಡು ಗುಂಡು ಸೀಲು. ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಕೊಡುತ್ತಾರಲ್ಲ, ಹಾಗೇ ಇತ್ತು. ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಉಳಿದ 9,000 ಕಳಿಸಿದೆ.

ಮದುವೆ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ಅದನ್ನು ಒಮ್ಮೆ ನೋಡಿದರು. ಮೊಬೈಲ್ ತೆಗೆದು ಕ್ಯಾಲೆಂಡರ್ ನೋಡಿದರು. ಕಾಗದದಲ್ಲಿ ತೀರ್ಪಿನ ದಿನಾಂಕ 14 ಆಗಸ್ಟ್ 2011. ಆವತ್ತು ಭಾನುವಾರ. ‘ತಾಈ, ಹೇ ಖೋಟಂ ಆಹೇ’ ಅಂದರು. ಆ ಮಾತು ಅರ್ಥವಾಗಲು ಮರಾಠಿ ಬರಬೇಕೆಂದಿಲ್ಲ. ಕಾಗದವನ್ನು ಮಡಚಿ ನನ್ನ ಕಡೆಗೇ ತಳ್ಳಿ, ಇದನ್ನು ಎಲ್ಲೂ ಕೊಡಬೇಡಿ, ನೀವೇ ಸಿಕ್ಕಿಬೀಳುತ್ತೀರಿ ಎಂದರು. ಕೋರ್ಟಿನ ದಾಖಲೆಯನ್ನು ಖೊಟ್ಟಿ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 337ನೇ ಕಲಂನಲ್ಲಿ 7 ವರ್ಷದವರೆಗೆ ಜೈಲಿದೆ. ಖೊಟ್ಟಿ ಅಂತ ಗೊತ್ತಿದ್ದೂ ಬಳಸಿದವರಿಗೂ ಅದೇ ಶಿಕ್ಷೆ. ಇದನ್ನು ನಾನು ಓದಿಕೊಂಡಿದ್ದು ಆವತ್ತು ರಾತ್ರಿ, ನಿದ್ದೆ ಬರದೆ.

ಅವನಿಗೆ ಫೋನ್ ಮಾಡಿ ದುಡ್ಡು ವಾಪಸ್ ಕೇಳಿದೆ. ದನಿ ಏರಿಸಲಿಲ್ಲ. ಅದೇ ಮೆತ್ತನೆ ಮಾತು: ‘ಅಕ್ಕ, ಇದೆಲ್ಲ ಊರಿಗೆ ಗೊತ್ತಾದ್ರೆ ನಿಮ್ಗೇ ಕಷ್ಟ ಅಲ್ದಾ?’ ಮರುದಿನ ನನ್ನ ಹಳೇ ಮದುವೆ ಫೋಟೋವನ್ನು ನನಗೇ ಕಳಿಸಿದ. ಜೊತೆಗೆ ಒಂದೇ ಒಂದು ಅಕ್ಷರವೂ ಇಲ್ಲ. ಬರೀ ಫೋಟೋ. ಆಗ ನನಗೆ ಆದ ಹೆದರಿಕೆ 12,000 ಹೋದದ್ದಕ್ಕಿಂತ ಜಾಸ್ತಿ. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಮದುವೆ ಆಗುವವರಿಗೆ ಎಲ್ಲ ಹೇಳಿದೆ, ಅವರೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದರು. ದುಡ್ಡು ಅಷ್ಟರಲ್ಲಿ ಖಾತೆಯಿಂದ ಖಾಲಿಯಾಗಿತ್ತು. ಮೊದಲ ದಿನವೇ ಮಾಡಿದ್ದರೆ ತಡೆಹಿಡಿಯಬಹುದಿತ್ತೇನೋ. ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟಿದ್ದೇವೆ.

ಇನ್ನು ನಿಜವಾದ ಕಾಗದದ ವಿಷಯ. ‘ಡೈವೋರ್ಸ್ ಸರ್ಟಿಫಿಕೇಟ್’ ಅಂತ ನಮ್ಮ ಕೋರ್ಟು ಕೊಡುವುದೇ ಇಲ್ಲ. ಇರುವುದು ತೀರ್ಪು ಮತ್ತು ಡಿಕ್ರಿ. ಮರಾಠಿಯಲ್ಲಿ ಡಿಕ್ರಿಗೆ ಹುಕುಮ್‌ನಾಮಾ ಎನ್ನುತ್ತಾರೆ. ನಮಗೆ ಬೇಕಾದದ್ದು ಅದರ ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟೇ ದೃಢೀಕರಿಸಿ ಕೊಡುವ ಪ್ರತಿ, ಇಲ್ಲಿನವರ ಬಾಯಲ್ಲಿ ‘ನಕ್ಕಲ್’. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಪ್ರಕಾರ ವಿಚ್ಛೇದನ ಆದಾಗ ಇಬ್ಬರಿಗೂ ಒಂದೊಂದು ಪ್ರತಿಯನ್ನು ಕೋರ್ಟು ಪುಕ್ಕಟೆ ಕೊಡಬೇಕು. ಅದು ಕಳೆದುಹೋದರೆ ಅರ್ಜಿ ಹಾಕಿ, ಚಿಕ್ಕ ಫೀ ಕಟ್ಟಿ ಮತ್ತೆ ತೆಗೆಸಬೇಕು. ಕೇಸಿನಲ್ಲಿ ನಿಮ್ಮ ಹೆಸರಿದ್ದರೆ ನೀವೇ ಹೋಗಿ ಹಾಕಬಹುದು.

ಯಾವ ಕೋರ್ಟು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನೀವು ಈಗ ಎಲ್ಲಿದ್ದೀರಿ ಅನ್ನುವುದು ಮುಖ್ಯವಲ್ಲ, ಕೇಸು ಎಲ್ಲಿ ನಡೆಯಿತು ಅನ್ನುವುದು ಮುಖ್ಯ. ನಾನು ಈಗ ಡೊಂಬಿವಲಿಯಲ್ಲಿದ್ದೇನೆ, ಅಂದರೆ ಥಾಣೆ ಜಿಲ್ಲೆ. ಆದರೆ ಮದುವೆಯಾಗಿ ಇದ್ದದ್ದು ಮುಂಬೈಯ ಘಾಟ್ಕೋಪರಿನಲ್ಲಿ, ಹಾಗಾಗಿ ಕೇಸು ಬಾಂದ್ರಾ. ಮುಲುಂಡ್ ಚೆಕ್‌ನಾಕಾದ ಈಚೆ ಮುಂಬೈ, ಆಚೆ ಥಾಣೆ, ಅಷ್ಟೇ ಅಂತರಕ್ಕೆ ಕೋರ್ಟು ಬದಲಾಗುತ್ತದೆ. ಪುಣೆಯವರಿಗೆ ಶಿವಾಜಿನಗರ. ಮುಂಬೈಯಲ್ಲಿ ಫ್ಯಾಮಿಲಿ ಕೋರ್ಟು ಶುರುವಾಗಿದ್ದೇ 1989ರಲ್ಲಿ. ಅದಕ್ಕೂ ಹಿಂದಿನ ಕೇಸಾದರೆ ಸಿಟಿ ಸಿವಿಲ್ ಕೋರ್ಟಿನ ಕಡೆ ವಿಚಾರಿಸಿ.

ಆಮೇಲೆ ಕೇಸಿನ ನಂಬರ್. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ವರ್ಷ ಹಾಕಿ ಹುಡುಕಬಹುದು, ದುಡ್ಡಿಲ್ಲ. ಮಹಾರಾಷ್ಟ್ರದ ಪಟ್ಟಿಯಲ್ಲಿ ಜಿಲ್ಲೆಗಳ ನಡುವೆಯೇ ಫ್ಯಾಮಿಲಿ ಕೋರ್ಟುಗಳಿಗೆ ಬೇರೆ ಸಾಲಿದೆ, ಅದನ್ನು ಹುಡುಕಿ. ನಾನು ನನ್ನ ಈಗಿನ ಹೆಸರು ಹಾಕಿ ಅರ್ಧ ದಿನ ಕಳೆದೆ. ಕೇಸು ಇದ್ದದ್ದು ಗಂಡನ ಮನೆಯ ಅಡ್ಡಹೆಸರಿನಲ್ಲಿ! ಅದರ ಮೇಲೆ ಸ್ಪೆಲ್ಲಿಂಗ್ ಬೇರೆ. ನಾವು ಪೂಜಾರಿ, ಶೆಟ್ಟಿ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ವೈ ಹಾಕುತ್ತೇವೆ, ಇಲ್ಲಿ ಟೈಪ್ ಮಾಡುವವರು ಐ ಹಾಕಿರುತ್ತಾರೆ. ಎರಡೂ ನೋಡಿ. ಹಳೇ ಕೇಸು ಎಲ್ಲವೂ ಅಲ್ಲಿ ಸಿಗುತ್ತದೆ ಅಂತಿಲ್ಲ. ಸಿಗದಿದ್ದರೆ ಕೋರ್ಟಿಗೇ ಹೋಗಿ ಇಬ್ಬರ ಹೆಸರು, ವರ್ಷ ಕೊಟ್ಟು ಕೇಳಿ, ಇಲ್ಲವೇ ಆಗಿನ ವಕೀಲರ ಹತ್ತಿರ ಫೈಲಿದೆಯೇ ನೋಡಿ. ಆ ಜಾಲತಾಣದ ಪ್ರಿಂಟು ಡಿಕ್ರಿಯ ಬದಲಿಗೆ ನಡೆಯುವುದಿಲ್ಲ, ನಂಬರಿಗೆ ಮಾತ್ರ.

ನಂಬರ್ ಸಿಕ್ಕಾಗ ಇನ್ನೊಂದು ಗೊತ್ತಾಯಿತು. ಬಾಂದ್ರಾದಲ್ಲಿ ಇಬ್ಬರೂ ಒಪ್ಪಿ ಹಾಕಿದ ಅರ್ಜಿಯ ನಂಬರಿನ ಮುಂದೆ ಎಫ್ ಅಕ್ಷರ ಇರುತ್ತದೆ, ಜಗಳದ ಡೈವೋರ್ಸಿಗೆ ಎ. ಆ ಪುಣ್ಯಾತ್ಮ ನನ್ನ ಕಾಗದದಲ್ಲಿ ಎ ಹಾಕಿದ್ದ. ನಿಜವಾದ ತೀರ್ಪು 24 ಆಗಸ್ಟ್, ಬುಧವಾರ.

ಒಂದು ದಿನ ರಜೆ ಹಾಕಿ ಹೊರಟೆ. ಕುರ್ಲಾದಲ್ಲಿ ಇಳಿದು ಶೇರ್ ರಿಕ್ಷಾ. ಎದುರಿಗೆ ಯಾರು ಸಿಗುತ್ತಾರೋ ಅಂತ ದುಪಟ್ಟಾ ತಲೆಗೆ ಹೊದ್ದಿದ್ದೆ. ನನ್ನನ್ನು ಯಾರೂ ತಿರುಗಿಯೂ ನೋಡಲಿಲ್ಲ, ಎಲ್ಲರಿಗೂ ಅವರವರದೇ ತಲೆಬಿಸಿ. ಫಾರ್ಮಿನಲ್ಲಿ ಕೇಸಿನ ನಂಬರ್, ಇಬ್ಬರ ಹೆಸರು, ತೀರ್ಪಿನ ದಿನಾಂಕ, ಯಾಕೆ ಬೇಕು ಅನ್ನುವುದನ್ನು ಬರೆದೆ. ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಆಧಾರ್ ಜೆರಾಕ್ಸ್ ಜೊತೆ ಕೊಟ್ಟೆ. ಹಳೇ ಫೈಲಾದ್ದರಿಂದ ರೆಕಾರ್ಡ್ ರೂಮಿನಿಂದ ಬರಬೇಕಿತ್ತು. ಹನ್ನೊಂದನೇ ದಿನ ಸಿಕ್ಕಿತು. ರಿಕ್ಷಾ ಬಿಟ್ಟರೆ ಒಟ್ಟು ಖರ್ಚು 200 ರೂಪಾಯಿ ದಾಟಲಿಲ್ಲ. ತೀರ್ಪು, ಡಿಕ್ರಿ ಎರಡನ್ನೂ ಕೇಳಿ. ಒಪ್ಪಂದದ ಷರತ್ತುಗಳಿದ್ದರೆ ಅವೂ ಜೊತೆಗಿರಲಿ.

ಚಿನ್ನದ ಅಂಚು ಇರಲಿಲ್ಲ. ಸಾದಾ ಕಾಗದ, ಪುಟಕ್ಕೊಂದು ಸೀಲು. ಅರ್ಜಿ ಹಾಕಿದ ದಿನ, ಪ್ರತಿ ತಯಾರಾದ ದಿನ, ಕೈಗೆ ಕೊಟ್ಟ ದಿನ, ಮೂರೂ ನಮೂದಾಗಿದ್ದವು. ಮೂಲದ ಜೊತೆ ಹೋಲಿಸಿ ನೋಡಿದವರ ಸಹಿ ಇತ್ತು. ನಿಮಗೆ ಯಾರಾದರೂ ತಂದುಕೊಟ್ಟ ಪ್ರತಿಯಲ್ಲಿ ಈ ದಿನಾಂಕಗಳು ಇಲ್ಲದಿದ್ದರೆ ದುಡ್ಡು ಕೊಡುವ ಮುಂಚೆ ಕೋರ್ಟಿಗೆ ಹೋಗಿ ತೋರಿಸಿ.

ನನ್ನ ಚಿಕ್ಕಪ್ಪನ ಮಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಅಂದಿದ್ದ. ಬೇಡ. ಕೋರ್ಟಿನ ಕೇಸಿನ ಪ್ರತಿಗಳನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಫಾರ್ಮ್ ತುಂಬಲು ಗೊತ್ತಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದವರನ್ನು ಕೇಳಿ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಪುಕ್ಕಟೆ.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೆ. ಇಂಥ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲ ಒಳಗೇ ನಡೆಯಬೇಕು, ಅದನ್ನು ಅಚ್ಚು ಹಾಕಬಾರದು ಅಂತ ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಹೊರಗಿನವರು ಯಾರೋ ಬಂದು ನನ್ನ ಡಿಕ್ರಿ ಕೇಳಿದರೆ ಸುಮ್ನೆ ಎತ್ತಿ ಕೊಡುವುದಿಲ್ಲ, ಯಾಕೆ ಬೇಕು ಅಂತ ಕಾರಣ ಕೇಳುತ್ತಾರೆ. ಕೋರ್ಟಿನಲ್ಲಿ ಇಷ್ಟು ವರ್ಷ ಭದ್ರವಾಗಿದ್ದ ಗುಟ್ಟನ್ನು ಒಬ್ಬ ಅಪರಿಚಿತನ ಮೊಬೈಲಿಗೆ ಹಾಕಿದವಳು ನಾನೇ.

ಅಮ್ಮ ಹೊಸ ಪ್ರತಿಯನ್ನೂ ಊರಿಗೆ ಕೊಂಡುಹೋಗಿ ಇಡುತ್ತೇನೆ ಅಂದಳು. ಕೊಡಲಿಲ್ಲ.

ಅವನ ಹಳೇ ನಂಬರ್ ಈಗ ಬಂದ್ ಆಗಿದೆ. ಮೊನ್ನೆ ಅದೇ ಪ್ರೊಫೈಲ್ ಫೋಟೋ, ಬೇರೆ ನಂಬರು, ಬೇರೆ ಹೆಸರಿನಲ್ಲಿ ನಮ್ಮ ಕಡೆಯವರ ಇನ್ನೊಂದು ಗ್ರೂಪಿನಲ್ಲಿ ಕಾಣಿಸಿತು. ಈ ಸಲ ವಾರಸುದಾರರ ಸರ್ಟಿಫಿಕೇಟ್ ಮಾಡಿಸಿಕೊಡುತ್ತಾನಂತೆ, ನಾಲ್ಕೇ ದಿನದಲ್ಲಿ.