ಕೊನೆ ಗೊತ್ತಿದ್ದೂ ಆಡಿದಾಗ: ವಿಚರ್ 3 ಮತ್ತು ರೆಡ್ ಡೆಡ್ ರಿಡೆಂಪ್ಷನ್ 2

ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ, ಮಗಳು ಮಲಗಿದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ, ಹಿಂದೊಮ್ಮೆ ಮುಗಿಸಿದ್ದ ಎರಡು ವಿಡಿಯೊ ಆಟಗಳನ್ನು ಮೊದಲಿನಿಂದ ಮತ್ತೆ ಆಡಿದೆ. ಒಂದು, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರ ಮೇ ತಿಂಗಳಲ್ಲಿ ಹೊರತಂದ ‘ದಿ ವಿಚರ್ 3’. ಇನ್ನೊಂದು, ರಾಕ್‌ಸ್ಟಾರ್ 2018ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ‘ರೆಡ್ ಡೆಡ್ ರಿಡೆಂಪ್ಷನ್ 2’. ಎರಡನ್ನೂ ಒಂದೇ ಪಿಎಸ್5 (ಪ್ಲೇಸ್ಟೇಷನ್ 5) ಯಂತ್ರದಲ್ಲಿ, ವಾರ ಬಿಟ್ಟು ವಾರ ಆಡಿದ್ದರಿಂದ ಹೋಲಿಕೆ ತಾನಾಗಿಯೇ ನಡೆಯುತ್ತಿತ್ತು. ಬೆರಳುಗಳು ಮಾತ್ರ ಪ್ರತಿ ಸೋಮವಾರ ಗಲಿಬಿಲಿಗೊಳ್ಳುತ್ತಿದ್ದವು. ರೆಡ್ ಡೆಡ್‌ನ ವ್ಯಾಲೆಂಟೈನ್ ಊರಿನ ಕೆಸರು ಬೀದಿಯಲ್ಲಿ ಯಾರಿಗೋ ನಮಸ್ಕಾರ ಹೇಳಹೋಗಿ, ತಪ್ಪು ಗುಂಡಿ ಒತ್ತಿ ಬಂದೂಕು ಎತ್ತಿ, ತಲೆಗೆ ಬೆಲೆ ಕಟ್ಟಿಸಿಕೊಂಡದ್ದು ಒಂದೆರಡು ಸಲವಲ್ಲ.

ಕಥೆಯ ಕೊನೆ ಗೊತ್ತಿರುವಾಗ ಯಾವ ಆಟಕ್ಕೆ ಹಿಡಿದು ಕೂರಿಸುವ ಶಕ್ತಿ ಉಳಿದಿರುತ್ತದೆ ಎಂಬುದನ್ನಷ್ಟೇ ನಾನು ನೋಡಹೊರಟಿದ್ದೆ. ಆದ್ದರಿಂದ ಮುಂದಿನ ಸಾಲುಗಳಲ್ಲಿ ಎರಡೂ ಕಥೆಗಳ ಗುಟ್ಟು ಬಯಲಾಗುತ್ತದೆ. ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸುವುದು ಲೇಸು.

ರೆಡ್ ಡೆಡ್‌ನ ಎರಡನೆಯ ಅಧ್ಯಾಯದಲ್ಲಿ ಕಥಾನಾಯಕನಾದ ದರೋಡೆಕೋರ ಆರ್ಥರ್ ಮಾರ್ಗನ್ ಸಾಲ ವಸೂಲಿಗೆಂದು ಥಾಮಸ್ ಡೌನ್ಸ್ ಎಂಬ ಬಡ ರೈತನ ಮನೆಗೆ ಹೋಗಿ ಅವನನ್ನು ಹೊಡೆಯುತ್ತಾನೆ. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಮೊದಲ ಸಲ ಆಡಿದಾಗ ಇದನ್ನು ದಾಟಿಸಬೇಕಾದ ಒಂದು ಕೆಲಸವೆಂದಷ್ಟೇ ತಿಳಿದು ಮುಂದೆ ಹೋಗಿದ್ದೆ. ಈ ಸಲ ಆ ಮನೆಯ ಬೇಲಿ ಕಂಡಾಗಲೇ ಕುದುರೆಯನ್ನು ತಿರುಗಿಸಿ, ಮೂರು ರಾತ್ರಿ ಮೀನು ಹಿಡಿಯುತ್ತ ಕಾಲ ತಳ್ಳಿದೆ. ಪ್ರಯೋಜನವಿಲ್ಲ, ಅದನ್ನು ಮಾಡದೆ ಕಥೆ ಮುಂದುವರಿಯುವುದಿಲ್ಲ. ಆರನೆಯ ಅಧ್ಯಾಯದಲ್ಲಿ ಸೇಂಟ್ ಡೆನಿಸ್ ನಗರದ ವೈದ್ಯ ಹೇಳುವ ಕಾಯಿಲೆಗೆ ಕನ್ನಡದಲ್ಲಿ ‘ಕ್ಷಯ’ ಎಂಬ ಹೆಸರಿರುವುದು ಈ ಆಟಕ್ಕೆ ಎಷ್ಟು ಹೊಂದುತ್ತದೆಂದರೆ, ಆರ್ಥರನ ದೇಹ ಕರಗುವ ಹೊತ್ತಿಗೇ ಅವನ ನಾಯಕ ಡಚ್‌ನ ದರೋಡೆ ಗುಂಪೂ ಕರಗುತ್ತ, ಶಿಬಿರದಲ್ಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಬೆಂಕಿಯ ಸುತ್ತ ಕೂತು ಹಾಡುವ ಈ ಜನರಲ್ಲಿ ಯಾರು ಉಳಿಯುತ್ತಾರೆ, ಯಾರು ಮೋಸ ಮಾಡುತ್ತಾರೆ ಎಂದು ತಿಳಿದೇ ಅವರ ನಡುವೆ ಓಡಾಡುವುದು ಬೇರೆಯೇ ಅನುಭವ. ಶಿಬಿರದಲ್ಲಿ ಓಡಲು ಬಿಡದೆ ನಡೆಸುವುದನ್ನು ಮೊದಲ ಸಲ ಶಪಿಸಿದ್ದ ನಾನು, ಈ ಸಲ ಆ ನಿಧಾನವನ್ನೇ ಬಯಸಿದೆ.

ವಿಚರ್‌ನಲ್ಲೂ ಇಂಥ ಬೀಜವೊಂದು ಆರಂಭದಲ್ಲೇ ಬಿದ್ದಿದೆ. ವೈಟ್ ಆರ್ಚರ್ಡ್ ಹಳ್ಳಿಯ ಹೆಂಡದಂಗಡಿಯಲ್ಲಿ, ತನ್ನ ಪ್ರೇಯಸಿ ಯೆನಿಫರಳನ್ನು ಹುಡುಕುತ್ತಿರುವ ಕಥಾನಾಯಕ, ರಾಕ್ಷಸ ಬೇಟೆಗಾರ ಗೆರಾಲ್ಟ್‌ಗೆ ಗಾಂಟರ್ ಓ'ಡಿಮ್ ಎಂಬ ಕನ್ನಡಿ ವ್ಯಾಪಾರಿ ವಿನಯದಿಂದ ದಾರಿ ತೋರಿಸುತ್ತಾನೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ‘ಹಾರ್ಟ್ಸ್ ಆಫ್ ಸ್ಟೋನ್’ ವಿಸ್ತರಣೆಯಲ್ಲಿ ಇವನು ಕಾಲವನ್ನೇ ನಿಲ್ಲಿಸಬಲ್ಲ ದುಷ್ಟಶಕ್ತಿಯೆಂದು ತಿಳಿಯುತ್ತದೆ. ಮರಳಿ ಆಡುವಾಗ ಅವನ ನಗು ಮೈ ನಡುಗಿಸಿತು. ಆದರೆ ಮುಖ್ಯ ಕಥೆ ಈ ಸಲ ಸೊರಗಿದಂತೆ ಕಂಡಿತೆಂದು ಒಪ್ಪಬೇಕು. ಗೆರಾಲ್ಟ್‌ನ ಸಾಕುಮಗಳು ಸಿರಿಯನ್ನು (ಈ ಹೆಸರು ಕನ್ನಡದ ಕಿವಿಗೆ ಎಷ್ಟು ಹತ್ತಿರ!) ಹುಡುಕುತ್ತ ನೊವಿಗ್ರಾಡ್ ನಗರದಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು, ಅವರ ಕೆಲಸಕ್ಕೆ ಮತ್ತೊಬ್ಬರನ್ನು ಕಾಣುತ್ತ ಅಲೆಯುವ ಭಾಗ, ಅವಳು ಎಲ್ಲಿ ಸಿಗುತ್ತಾಳೆಂದು ಗೊತ್ತಿರುವವನಿಗೆ ಸರ್ಕಾರಿ ಕಚೇರಿಯ ಮೇಜಿನಿಂದ ಮೇಜಿಗೆ ಕಡತ ಹಿಡಿದು ತಿರುಗಿದಂತಿತ್ತು.

ವೆಲೆನ್ ಜೌಗು ಪ್ರದೇಶ ಮಾತ್ರ ಸೊರಗಿಲ್ಲ. ಅಲ್ಲಿ ಗುಡ್ಡದ ಮರದೊಳಗೆ ಬಂಧಿಯಾದ ಶಕ್ತಿಯೊಂದನ್ನು ಬಿಡಿಸಬಹುದು ಅಥವಾ ಕೊಲ್ಲಬಹುದು. ಹಿಂದೆ ನಾನು ಅದನ್ನು ಕೊಂದಿದ್ದೆ. ಜೌಗಿನ ಅನಾಥ ಮಕ್ಕಳು ಇಲ್ಲವಾಗಿದ್ದರು, ಆ ಪ್ರದೇಶವನ್ನಾಳುವ ಬ್ಯಾರನ್ ತನ್ನ ಬುದ್ಧಿ ಕೆಟ್ಟ ಹೆಂಡತಿ ಆನಾಳನ್ನು ಚಿಕಿತ್ಸೆಗೆ ಕರೆದುಕೊಂಡು ಹೊರಟಿದ್ದ. ತಪ್ಪು ತಿದ್ದಿಕೊಳ್ಳುವ ಹುಮ್ಮಸ್ಸಿನಲ್ಲಿ ಈ ಸಲ ಬಿಡಿಸಿದೆ. ಮಕ್ಕಳು ಉಳಿದರು, ಒಂದು ಹಳ್ಳಿ ಹಾಳಾಯಿತು, ಆನಾ ಸತ್ತಳು, ಬ್ಯಾರನ್ ನೇಣು ಹಾಕಿಕೊಂಡ. ಎರಡನೆಯ ಸಲ ಆಡಿದ ಅನುಭವವೂ ಮೊದಲನೆಯದರಷ್ಟೇ ಕಾಡುವಂತೆ ಬರೆದವರ ಧೈರ್ಯ ದೊಡ್ಡದು.

ರೆಡ್ ಡೆಡ್‌ನ ದೊಡ್ಡ ಕೊರತೆ ಇಲ್ಲಿಯೇ ಇದೆ. ಬಯಲಿನಲ್ಲಿ ಅದು ಕೊಡುವಷ್ಟು ಸ್ವಾತಂತ್ರ್ಯವನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ. ಮಿಷನ್ (ಕಥೆ ಒಪ್ಪಿಸುವ ಕೆಲಸ) ಶುರುವಾದೊಡನೆ ಅದೇ ಆಟ ಕೈಹಿಡಿದು ಎಳೆದುಕೊಂಡು ಹೋಗುವ ಕಟ್ಟುನಿಟ್ಟಿನ ಮೇಷ್ಟರಾಗುತ್ತದೆ. ಜೊತೆಗಾರನಿಂದ ಸ್ವಲ್ಪ ದೂರ ಸರಿದರೆ, ಹಿಂದಿನಿಂದ ಸುತ್ತಿಬರೋಣ ಎಂದುಕೊಂಡರೆ, ಮಿಷನ್ ವಿಫಲವಾಯಿತೆಂಬ ಕೆಂಪು ಅಕ್ಷರ. ಐದನೆಯ ಅಧ್ಯಾಯದ ಗ್ವಾರ್ಮಾ ದ್ವೀಪವನ್ನು ನಾನು ಹಲ್ಲು ಕಚ್ಚಿ ಮುಗಿಸಿದೆ. ಆಟಗಾರನ ನಡತೆಗೆ ಸಿಗುವ ಮಾನದ ಅಳತೆ ಕೊನೆಯನ್ನು ಬದಲಿಸುತ್ತದಾದರೂ, ಅದು ಬದಲಿಸುವುದು ಆರ್ಥರ್ ಹೇಗೆ ಸಾಯುತ್ತಾನೆ ಎಂಬುದನ್ನಷ್ಟೇ. ಒಳ್ಳೆಯವನಾಗಿ ಬಾಳಿದರೆ ಸೂರ್ಯೋದಯ ನೋಡುತ್ತ ಸಾಯುತ್ತಾನೆ.

ತಾಂತ್ರಿಕವಾಗಿ ಹೇಳಬೇಕಾದ್ದು ಸ್ವಲ್ಪವೇ. ವಿಚರ್‌ಗೆ 2022ರ ಡಿಸೆಂಬರ್ 14ರಂದು ಬಂದ ಉಚಿತ ಅಪ್‌ಡೇಟ್‌ನಿಂದ ಸೆಕೆಂಡಿಗೆ 60 ಫ್ರೇಮ್‌ಗಳ (ಚಿತ್ರಗಳ) ಆಯ್ಕೆ, ಹತ್ತಿರದ ಕ್ಯಾಮೆರಾ, ಮಂತ್ರಗಳನ್ನು ಮೆನು ತೆರೆಯದೆ ಪ್ರಯೋಗಿಸುವ ಅನುಕೂಲ ಸೇರಿವೆ. ಹಾಗಿದ್ದೂ ಕತ್ತಿವರಸೆಯಲ್ಲಿ ವಯಸ್ಸು ಕಾಣುತ್ತದೆ. ನಾನು ಆಡಿದ ರೆಡ್ ಡೆಡ್ ಎರಡು ಡಿಸ್ಕ್‌ಗಳ ಪಿಎಸ್4 ಆವೃತ್ತಿ, 30 ಫ್ರೇಮ್‌ಗಳಿಗೆ ಸೀಮಿತ, 100 ಜಿಬಿಗೂ ಹೆಚ್ಚು ಜಾಗ ನುಂಗುವಂಥದ್ದು. ಆದರೂ ಮಂಜಿನ ನಡುವೆ ಬೆಳಕು ಹರಿಯುವಾಗ, ಎರಡರಲ್ಲಿ ಮೂರು ವರ್ಷ ಕಿರಿಯ ಆಟ ಯಾವುದೆಂದು ಹೇಳಿಕೊಡಬೇಕಾಗಿಲ್ಲ.

ಯಾವುದನ್ನು ಮತ್ತೆ ಆಡಬೇಕೆಂದು ಗೆಳೆಯರು ಕೇಳಿದರೆ, ವಾರಕ್ಕೆ ಎರಡು ಮೂರು ಗಂಟೆಯಷ್ಟೇ ಬಿಡುವಿರುವವರಿಗೆ ನಾನು ವಿಚರ್ ಅನ್ನೇ ಸೂಚಿಸುತ್ತೇನೆ. ಅದರ ಉಪಕಥೆಗಳು ಒಂದೊಂದು ರಾತ್ರಿಗೆ ಮುಗಿಯುವ ಅಳತೆಯಲ್ಲಿವೆ, ಹಿಂದಿನ ಸಲ ಬಿಟ್ಟ ದಾರಿಯನ್ನು ಹಿಡಿಯಲೂ ಬಿಡುತ್ತವೆ. ರೆಡ್ ಡೆಡ್‌ಗೆ ಪೂರ್ತಿ ಒಂದು ಸಂಜೆಯನ್ನೇ ತೆಗೆದಿಡಬೇಕು. ಆದರೆ ಸೇವ್‌ಗಳಲ್ಲಿ (ಆಟವನ್ನು ಉಳಿಸಿಟ್ಟ ಘಟ್ಟಗಳಲ್ಲಿ) ನಾನು ಅಳಿಸದೆ ಬೇರೆಯಾಗಿ ಇಟ್ಟುಕೊಂಡಿರುವುದು ರೆಡ್ ಡೆಡ್‌ನದು: ಆರನೆಯ ಅಧ್ಯಾಯದ ರೈಲು ನಿಲ್ದಾಣದಲ್ಲಿ, ಊರು ಬಿಟ್ಟು ಹೊರಟ ಸನ್ಯಾಸಿನಿಯ ಪಕ್ಕದ ಬೆಂಚಿನಲ್ಲಿ ಕೂತು, ಅಷ್ಟು ಜನರನ್ನು ಕೊಂದ ಆರ್ಥರ್ ತನಗೆ ಭಯವಾಗುತ್ತಿದೆಯೆಂದು ಒಪ್ಪಿಕೊಳ್ಳುವುದಕ್ಕೆ ತುಸು ಮುಂಚಿನದು.