ಸೆಕೆಂಡ್ ಹ್ಯಾಂಡ್ ಟಿಯರ್‌ಡ್ರಾಪ್ ಟ್ರೇಲರ್: ಹಿಂದಿನ ಡಿಕ್ಕಿ ರಿಪೇರಿ ಆದ ಮೇಲೆ ಹೇಗಿದೆ?

ಹಳೇ ಟಿಯರ್‌ಡ್ರಾಪ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ, ಕಣ್ಣೀರ ಹನಿ ಆಕಾರದ ಪುಟ್ಟ ಗಾಡಿ) ಕೊಳ್ಳೋಕೆ ಹೊರಟವರು ಹಾಸಿಗೆ, ಟೈರು, ಪೇಂಟು ಎಲ್ಲ ಆಮೇಲೆ ನೋಡಿ. ಮೊದಲು ಹಿಂದಿನ ಡಿಕ್ಕಿ, ಅಂದರೆ ಮೇಲಕ್ಕೆ ತೆರೆಯುವ ಬಾಗಿಲು, ಎತ್ತಿ, ಅದರ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ನಮ್ಮ ಗಾಡಿಯಲ್ಲಿ ಅದು ತಡೆಯೇ ಇಲ್ಲದೆ ಒಳಗೆ ಹೋಯಿತು. ಹೊರಗಿನ ಅಲ್ಯುಮಿನಿಯಂ ಹಾಳೆ ಫಳಫಳ ಹೊಳೆಯುತ್ತಿತ್ತು. ಒಳಗಿನ ಪ್ಲೈವುಡ್ ನೆನೆಸಿಟ್ಟ ಅವಲಕ್ಕಿ ಥರ ಆಗಿತ್ತು.

ಮುಂದೆ ಇಬ್ಬರು ಮಲಗುವಷ್ಟು ಜಾಗ, ಹಿಂದೆ ಡಿಕ್ಕಿ ಎತ್ತಿದರೆ ಅಡುಗೆಮನೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಈ ಗಾಡಿಗಳು ಬಂದಾಗಿನಿಂದ ಇದೇ ಮಾದರಿ. ಎತ್ತಿದ ಡಿಕ್ಕಿಯೇ ಅಡುಗೆಮನೆಗೆ ಮಾಡು. ಆ ಮಾಡೇ ಸೋರಿದರೆ ಗಾಡಿ ಇದ್ದೂ ಏನು ಉಪಯೋಗ?

ನಮ್ಮದು ಶಿರಸಿ. ರಜೆ ಸಿಕ್ಕಿದರೆ ದೇವಿಮನೆ ಘಾಟಿ ಇಳಿದು ಕುಮಟಾ, ಅಂಕೋಲಾ, ಕಾರವಾರ ಅಂತ ಹೋಗುತ್ತೇವೆ. ಮೊದಲ ಮಳೆಗಾಲದಲ್ಲೇ ಒಲೆ ಇಡುವ ಹಲಗೆ ಮೇಲೆ ನೀರು ನಿಲ್ಲೋಕೆ ಶುರುವಾಯಿತು. ಮಸಾಲೆ ಡಬ್ಬಿಗಳಿಗೆಲ್ಲ ಬೂಷ್ಟು. ಮಾರಿದವರು ಸೋರುವ ಜಾಗದಲ್ಲೆಲ್ಲ ಸಿಲಿಕಾನ್ ತುಂಬಿ, ಮೇಲೆ ಬಣ್ಣ ಬಳಿದು ಕೊಟ್ಟಿದ್ದರು. ಇದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಿಲಿಕಾನ್ ಮೇಲೆ ಬಣ್ಣ ನಿಲ್ಲೋದಿಲ್ಲ, ಬೇರೆ ಗೋಂದೂ ಹಿಡಿಯೋದಿಲ್ಲ. ಅದನ್ನು ಕೆರೆದು ತೆಗೆಯೋದೇ ರಿಪೇರಿಯ ಅರ್ಧ ಕೆಲಸ ಆಯಿತು.

ನೀರು ಎಲ್ಲಿಂದ ಬರುತ್ತಿತ್ತು? ಗಾಡಿಯ ಮಾಡಿನ ಮೇಲೆ ಬಿದ್ದ ಮಳೆ ಹಿಂದಕ್ಕೆ ಇಳಿದು ನೇರ ಡಿಕ್ಕಿಯ ಬಿಜಾಗರಿ ಮೇಲೆ ಬರುತ್ತದೆ. ನಮ್ಮ ಗಾಡಿಗಿದ್ದದ್ದು ಪಿಯಾನೋ ಹಿಂಜ್, ಉದ್ದಕ್ಕೆ ಒಂದೇ ಪಟ್ಟಿ. ಅದರ ಕಡ್ಡಿ ಕೂರುವ ಸಂದಿಯಲ್ಲಿ ನೀರು ಇಳಿದು, ಹಾಳೆಗೂ ಪ್ಲೈಗೂ ನಡುವೆ ಹರಿದು, ಕೆಳಗಿನ ಅಂಚಿನಲ್ಲಿ ಕೂತುಬಿಡುತ್ತಿತ್ತು. ಕೊಳೆತದ್ದು ಕೆಳಗೆ, ತೂತಿದ್ದದ್ದು ಮೇಲೆ. ಜೊತೆಗೆ ಕರಾವಳಿಯ ಉಪ್ಪುಗಾಳಿ. ಅಲ್ಯುಮಿನಿಯಂ ಹಾಳೆಗೆ ಸ್ಟೀಲ್ ಸ್ಕ್ರೂ ಹೊಡೆದಿದ್ದರು. ಎರಡು ಲೋಹ ಸೇರಿ ಉಪ್ಪುನೀರು ತಾಗಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ಪ್ರತಿ ಸ್ಕ್ರೂ ಸುತ್ತ ಬಿಳಿ ಪುಡಿ ಎದ್ದಿತ್ತು. ಬೆರಳಿನಿಂದ ಒರೆಸಿದರೆ ಕೆಳಗೆ ಸಣ್ಣ ಕುಳಿ.

ಬೆಂಗಳೂರಿನಲ್ಲಿ ವಿಚಾರಿಸಿದಾಗ ಪೂರ್ತಿ ಹೊಸ ಡಿಕ್ಕಿ ಹಾಕಿಸಿ ಅಂದರು. ಅವರು ಹೇಳಿದ ರೇಟು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಕಡೆಗೆ ಕೆಲಸ ಮಾಡಿಕೊಟ್ಟವರು ಕಾರವಾರದ ಬೈತಖೋಲ ಬಂದರಿನ ಹತ್ತಿರ ದೋಣಿಗೆ ಫೈಬರ್ ಕೆಲಸ ಮಾಡುವವರು. "ದೋಣಿಗೆ ನೀರು ಕೆಳಗಿಂದ, ನಿಮ್ಮ ಗಾಡಿಗೆ ಮೇಲಿಂದ. ಅಷ್ಟೇ ಮಾರಾಯ್ರೆ" ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ವಾ, ಆಗ ದೋಣಿಗಳೆಲ್ಲ ರಿಪೇರಿಗೆ ಬರುತ್ತವೆ, ಇವರಿಗೆ ಪುರುಸೊತ್ತಿರೋದಿಲ್ಲ. ದೀಪಾವಳಿ ಕಳೆದು ಬನ್ನಿ, ಹವೆ ಒಣಗಿರುತ್ತದೆ ಅಂದರು. ಒದ್ದೆ ಮರಕ್ಕೆ ರೆಸಿನ್, ಅಂದರೆ ಫೈಬರ್ ಕೆಲಸದ ಅಂಟು, ಹಿಡಿಯೋದಿಲ್ಲವಂತೆ.

ಅವರ ಕೆಲಸ ನೋಡೋದೇ ಒಂದು ಸುಖ. ರಿವೆಟ್ ಕೊರೆದು ಹಾಳೆ ಬಿಚ್ಚಿದರು. ಕೊಳೆತ ಅಡ್ಡಪಟ್ಟಿ ಕತ್ತರಿಸಿ, ಉಳಿದದ್ದನ್ನು ಬಿಸಿಲಿಗೆ ಬಿಟ್ಟರು. ಹೊಸ ಪಟ್ಟಿಗೆ ಐಎಸ್ 710 ಮುದ್ರೆ (ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಇರುವ, ನೀರು ತಡೆಯುವ ಮರೈನ್ ಪ್ಲೈ. ಅದರ ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ (ಒಣಗಿದರೆ ಗಟ್ಟಿಯಾಗುವ ರೆಸಿನ್) ಕುಡಿಸಿದರು. ಸ್ಕ್ರೂ ಬರುವ ಕಡೆ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸಣ್ಣ ತೂತು ಕೊರೆದರು. ಇನ್ನು ಸ್ಕ್ರೂ ದಾರಿಯಲ್ಲಿ ನೀರು ಇಳಿದರೂ ಮರಕ್ಕೆ ತಾಗೋದಿಲ್ಲ. ಹಾಳೆ ಬಿಚ್ಚಿದ ಡಿಕ್ಕಿಯನ್ನು ನೆಲದ ಮೇಲಿಟ್ಟು ಅಂಟಿಸಿದರೆ ಬಾಗು ತಪ್ಪುತ್ತದೆ ಅಂತ, ಗಾಡಿ ಮೇಲೇ ಕೂರಿಸಿ, ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ, ದೋಣಿಯ ಹಗ್ಗದಲ್ಲಿ ಬಿಗಿದು ಅಂಟಿಸಿದರು. ಬಿಜಾಗರಿ ಮೇಲೆ ಉದ್ದಕ್ಕೂ ಒಂದು ರಬ್ಬರ್ ಪಟ್ಟಿ ಹೊದಿಸಿದರು. ಎರಡು ಲೋಹ ತಾಗದ ಹಾಗೆ ಸ್ಕ್ರೂಗಳಿಗೆ ನೈಲಾನ್ ವಾಷರ್. ಸುತ್ತಲಿನ ರಬ್ಬರ್ ಬೀಡಿಂಗ್‌ನ ಜೋಡು ಕೆಳಗಡೆ ಬರುವ ಹಾಗೆ ನೋಡಿಕೊಂಡರು.

ರಿಪೇರಿಯಿಂದ ಡಿಕ್ಕಿ ಸ್ವಲ್ಪ ಭಾರ ಆಯಿತು. ಡಿಕ್ಕಿಗೆ ಆಸರೆ ಕೊಡುವ ಹಳೇ ಗ್ಯಾಸ್ ಶಾಕ್ (ಒತ್ತಡದ ಗ್ಯಾಸ್ ತುಂಬಿದ ಸಿಲಿಂಡರ್ ಮತ್ತು ರಾಡ್) ಅದನ್ನು ಎತ್ತಿ ಹಿಡಿಯಲಿಲ್ಲ. ಎಷ್ಟು ಬಲದ್ದು ಅನ್ನೋದು ಸಿಲಿಂಡರ್ ಮೇಲೇ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಜಾಸ್ತಿಯದು ಹಾಕಿಸಿದೆ. ತೀರಾ ಜಾಸ್ತಿ ಬಲದ್ದು ಹಾಕಿಸಬೇಡಿ, ಮುಚ್ಚಿದಾಗಲೂ ಒಳಗಿಂದ ತಳ್ಳಿ ಬೀಡಿಂಗ್ ಕಚ್ಚದ ಹಾಗೆ ಮಾಡುತ್ತದೆ. ಡಿಕ್ಕಿ ಮುಚ್ಚಿದಾಗ ಶಾಕ್‌ನ ರಾಡ್ ಕೆಳಮುಖ ಇರಬೇಕು, ಆಗ ಒಳಗಿನ ಎಣ್ಣೆ ಸೀಲ್ ಹತ್ತಿರ ನಿಂತು ಬಾಳಿಕೆ ಬರುತ್ತದೆ. ಇನ್ನೊಂದು ಸಂಗತಿ: ಚಳಿಗೆ ಗ್ಯಾಸಿನ ಒತ್ತಡ ಇಳಿಯುತ್ತದೆ. ಕಾರವಾರದ ಮಧ್ಯಾಹ್ನ ಗಟ್ಟಿಯಾಗಿ ನಿಲ್ಲುವ ಡಿಕ್ಕಿ, ಡಿಸೆಂಬರ್ ಬೆಳಗ್ಗೆ ಶಿರಸಿಯಲ್ಲಿ ಮೆಲ್ಲಗೆ ಕೆಳಗೆ ಬರುತ್ತದೆ. ಅದಕ್ಕೇ ಒಂದು ಅಡಿಕೆ ದಬ್ಬೆ ಯಾವಾಗಲೂ ಜೊತೆಗಿರುತ್ತದೆ, ಊರುಗೋಲಿಗೆ.

ಆಮೇಲಿನ ಮಳೆಗಾಲ ಹೇಗಿತ್ತು ಅಂತ ಹೇಳಲೇಬೇಕು. ಮಾಜಾಳಿ ಹತ್ತಿರ ಪರಿಚಯದವರ ತೆಂಗಿನ ತೋಟದಲ್ಲಿ ನಿಲ್ಲಿಸಿದ್ದೆವು. ಜಡಿಮಳೆ. ಡಿಕ್ಕಿ ಎತ್ತಿ, ದಬ್ಬೆ ಕೊಟ್ಟು, ಒಲೆ ಹಚ್ಚಿದೆವು. ನನ್ನ ಹೆಂಡತಿ ಮನೆಯಿಂದ ತಂದ ಹಿಟ್ಟಿನಲ್ಲಿ ತೆಳ್ಳೇವು (ತೆಳು ದೋಸೆ) ಎರೆಯುತ್ತಿದ್ದಳು, ನಾನು ಕಷಾಯಕ್ಕೆ ಹಾಲು ಕಾಯಿಸುತ್ತಿದ್ದೆ. ನೀರು ಡಿಕ್ಕಿಯ ಎರಡೂ ಅಂಚಿನಿಂದ ಧಾರೆಯಾಗಿ ಹೊರಗೆ ಬೀಳುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಬಿಸಿ ತೆಳ್ಳೇವಿಗೆ ಜೋನಿ ಬೆಲ್ಲ ಹಾಕಿಕೊಂಡು ನಿಂತೇ ತಿಂದೆವು. ಈ ಗಾಡಿ ಕೊಂಡದ್ದು ಸಾರ್ಥಕ ಅಂತ ನನಗೆ ಅನ್ನಿಸಿದ್ದು ಆಗಲೇ.

ಹಾಗಂತ ಎಲ್ಲರಿಗೂ ಹೇಳೋದಿಲ್ಲ. ಪ್ರತಿ ಸಲ ಸಮುದ್ರದ ಹತ್ತಿರ ಹೋಗಿ ಬಂದ ಮೇಲೆ ಬಿಜಾಗರಿ, ಸ್ಕ್ರೂ, ಶಾಕ್ ಎಲ್ಲ ಸಿಹಿನೀರಲ್ಲಿ ತೊಳೆದು ಒಣಗಿಸುವ ತಾಳ್ಮೆ ಇಲ್ಲದವರು ಹೋಂಸ್ಟೇ ಹಿಡಿಯೋದು ಒಳ್ಳೆಯದು. ಅಂಚು ಗಟ್ಟಿ ಇರುವ ಗಾಡಿ ಸಿಕ್ಕಿದರೆ ಸ್ವಲ್ಪ ದುಬಾರಿಯಾದರೂ ಬಿಡಬೇಡಿ. ಕೊಳೆತದ್ದಾದರೆ ರಿಪೇರಿ ಖರ್ಚನ್ನು ರೇಟಿನಲ್ಲೇ ಮುರಿಸಿಕೊಳ್ಳಿ. ನಮ್ಮದರಲ್ಲಿ ಇನ್ನು ಉಳಿದಿರೋದು ಡಿಕ್ಕಿಯ ಬೀಗ, ಅದೂ ತುಕ್ಕು ಹಿಡಿದು ಬಿಗಿಯಾಗಿದೆ. ಕಾರವಾರದಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲಿ ಒಂದು ಸ್ಟೀಲ್ ಬೀಗ ನೋಡಿಟ್ಟು ಬಂದಿದ್ದೇನೆ, ಮಳೆ ಹಿಡಿಯುವುದರೊಳಗೆ ಹಾಕಿಸಬೇಕು.